ಅಗತ್ತಿಯಿಂದ ಪೋರ್ಟ್ ಬ್ಲೇರಿಗೆ ಎಷ್ಟು ಹೊತ್ತು? ವಿಮಾನದವರನ್ನು ಕೇಳಿ

(ಒಂದು ಗುಂಪಿನ ಮಾತುಕತೆ. ಹೇಳಿದವರ ಹೆಸರಿನ ಬದಲು ಅವರ ಊರು ಹಾಕಿದೆ.)

ನೀರ್ಚಾಲು: ಅಣ್ಣ, ನನ್ನ ತಂಗಿ ಲಕ್ಷದ್ವೀಪದ ಅಗತ್ತಿಯಲ್ಲಿ ನರ್ಸ್, ಭಾವ ಪೋರ್ಟ್ ಬ್ಲೇರಿನಲ್ಲಿ. ಜೂನಿನಲ್ಲಿ ಮಗುವನ್ನು ಕರಕೊಂಡು ಒಬ್ಬಳೇ ಹೋಗ್ತಾಳೆ. 2,240 ಕಿ.ಮೀ. ದೂರವನ್ನು ಜೆಟ್‌ನ ವೇಗ 900ರಿಂದ ಭಾಗಿಸಿದರೆ ಎರಡೂವರೆ ಗಂಟೆ ಅಂತ ಫಾರ್ವರ್ಡ್ ಬಂದಿತ್ತು. ಸರಿಯಾ? ಕೊಚ್ಚಿಯಲ್ಲಿ 55 ನಿಮಿಷ ಬಿಟ್ಟು ಚೆನ್ನೈಗೆ ಬೇರೆ ಟಿಕೆಟ್ ಮಾಡಿದ್ದಾಳೆ.

ಮುಳ್ಳೇರಿಯ (ನಿವೃತ್ತ ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ, ಎಣ್ಣೆ, ಹವಾಮಾನ ಲೆಕ್ಕ ಹಾಕುವವರು): ಅಕ್ಕ, ದೂರ ಸರಿ, ಹೊತ್ತು ಸರಿಯಲ್ಲ. ಅದು ನೇರ ಗೆರೆ. ಆ ಗೆರೆಯಲ್ಲಿ ವಿಮಾನವೇ ಇಲ್ಲ. ಅಗತ್ತಿಯ ರನ್‌ವೇ 1,200 ಮೀಟರ್ ಚಿಲ್ಲರೆ. ದೊಡ್ಡ ಜೆಟ್‌ಗೆ ಸಾಲದು, ಎಟಿಆರ್‌ನಂಥ ಪಂಖದ ವಿಮಾನವೇ ಬೇಕು. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜನ ತುಂಬಿಕೊಂಡು ಅಷ್ಟು ದೂರ ಒಂದೇ ಸಲ ಹಾರಲಿಕ್ಕೂ ಆಗುವುದಿಲ್ಲ.

ಅಗತ್ತಿ–ಕೊಚ್ಚಿ ಸುಮಾರು 460 ಕಿ.ಮೀ., ಒಂದೂಕಾಲು ಗಂಟೆ. ಕೊಚ್ಚಿ–ಚೆನ್ನೈ 520, ಗಂಟೆ ಚಿಲ್ಲರೆ. ಚೆನ್ನೈ–ಪೋರ್ಟ್ ಬ್ಲೇರ್ 1,370, ಎರಡು ಗಂಟೆ ಚಿಲ್ಲರೆ. ಒಟ್ಟು 2,350. ನೇರ ಗೆರೆಗಿಂತ 110 ಕಿ.ಮೀ. ಮಾತ್ರ ಹೆಚ್ಚು! ಹಾರುವುದು ಐದು ಗಂಟೆಯೊಳಗೆ, ಉಳಿದದ್ದೆಲ್ಲ ಕಾಯುವುದು.

ನನಗೆ ಹೆದರಿಕೆ ಆ 55 ನಿಮಿಷದ್ದು. ಬೇರೆ ಟಿಕೆಟ್ ಅಂದರೆ ಬ್ಯಾಗ್ ತಕ್ಕೊಂಡು ಹೊರಗೆ ಬಂದು ಮತ್ತೆ ಕೊಡಬೇಕು. ಕೌಂಟರ್ ಮುಚ್ಚುವುದು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು. ಅವಳು ಸರಿಯಾದ ಹೊತ್ತಿಗೆ ಇಳಿದರೂ ತಡವೇ. ಮೇಲಿಂದ ಜೂನ್. ಮಳೆಗೆ ರನ್‌ವೇ ಕಾಣದಿದ್ದರೆ ಅಗತ್ತಿಗೆ ಬಂದ ವಿಮಾನ ಸುತ್ತು ಹಾಕಿ ಇಳಿಯದೆ ವಾಪಸ್ ಹೋಗ್ತದೆ. ಹಾಗೆ ಹೋಗಲು ಬೇಕಾದ ಎಣ್ಣೆ ಹೊತ್ತುಕೊಂಡೇ ಬಂದಿರ್ತದೆ. ದಯವಿಟ್ಟು ಕೊಚ್ಚಿಯಲ್ಲಿ ಒಂದು ರಾತ್ರಿ ಉಳಿಯಲಿ. ಅಲ್ಲಿಂದ ಮುಂದಿನದ್ದೆಲ್ಲ ಒಂದೇ ಪಿಎನ್‌ಆರ್‌ನಲ್ಲಿ (ಒಂದೇ ಬುಕಿಂಗ್‌ನಲ್ಲಿ) ಮಾಡಿಸಿ.

ಉಪ್ಪಳ: ಮುಂದಿನ ಟಿಕೆಟ್ ತೋರಿಸಿದರೆ ವಿಮಾನ ನಿಲ್ಲಿಸ್ತಾರಂತೆ, ಒಂದು ಮೆಸೇಜ್ ಉಂಟು. ಹಾಕ್ಲಾ?

ಮುಳ್ಳೇರಿಯ: ಹಾಕಬೇಡಿ. ಬೇರೆ ಟಿಕೆಟಿನವರಿಗೆ ಯಾರೂ ನಿಲ್ಲಿಸುವುದಿಲ್ಲ. ಅದನ್ನು ನಂಬಿ ಒಬ್ಬ ತಾಯಿ ಮಗು ಎತ್ತಿಕೊಂಡು ಅಲ್ಲಿ ಬಾಕಿಯಾದರೆ ಹೊಣೆ ಯಾರು?

ಕುಂಬಳೆ: ಸರ್, ಅಗತ್ತಿ–ಪೋರ್ಟ್ ಬ್ಲೇರ್ ಡೈರೆಕ್ಟ್ ಉಂಟಾ?

ಮುಳ್ಳೇರಿಯ: ಇಲ್ಲ. ಮೇಲೆ ಬರೆದಿದ್ದೇನೆ.

ಅಡೂರು: ಅಗತ್ತಿಯಲ್ಲಿ ಸಸ್ಯಾಹಾರಿ ಊಟ ಸಿಗ್ತದಾ?

ಪೆರ್ಲ: ಅಗತ್ತಿ ಮೊದಲು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ. ಮಂಗಳೂರಿನಿಂದ ವಿಮಾನ ಕೇಳುವುದು ನಮ್ಮ ಹಕ್ಕು.

ಮಂಜೇಶ್ವರ: ತಪ್ಪು ಮಾಸ್ಟ್ರೇ. ನಮ್ಮ ಜಿಲ್ಲೆಗೆ ಸೇರಿದ್ದದ್ದು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ. ಅಗತ್ತಿ ಮಲಬಾರಿನದ್ದು. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಆ ದ್ವೀಪಗಳೂ ಹೋದವು, ಕಾಸರಗೋಡೂ ಹೋಯಿತು.

ಪೆರ್ಲ: ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನನಗೆ ಕಲಿಸಬೇಡಿ.

ಮಂಜೇಶ್ವರ: ಹಾಗಾದರೆ ಮಕ್ಕಳಿಗೂ ತಪ್ಪೇ ಹೇಳಿದ್ದೀರಿ.

ಬದಿಯಡ್ಕ: ಇಬ್ಬರೂ ನಿಲ್ಲಿಸಿ. ಅಕ್ಕನ ವಿಷಯ ಮುಗಿಯಲಿ.

ಸೀತಾಂಗೋಳಿ: ಡೈರೆಕ್ಟ್ ಆದರೆ ಎಷ್ಟು ಹೊತ್ತು?

ಮುಳ್ಳೇರಿಯ: ಇಲ್ಲದ ವಿಮಾನದ ಹೊತ್ತು ಎಂತ ಹೇಳುವುದು? ಓದಿ ಕೇಳಿ.

ನೀರ್ಚಾಲು: ಅಣ್ಣ, ಮರುದಿನಕ್ಕೆ ಬದಲಾಯಿಸಿದಳು. ಆದರೆ ಅಗತ್ತಿಯ ವಿಮಾನವೇ ರದ್ದಾದರೆ?

ಮುಳ್ಳೇರಿಯ: ಆ ಹೆದರಿಕೆ ಸರಿಯೇ ಅಕ್ಕ. ಎರಡು ರಾತ್ರಿ ಬಿಡುವುದು ಒಳ್ಳೆಯದು. ಕೊಚ್ಚಿಗೆ ಬರುವ ಹಡಗನ್ನೂ ವಿಚಾರಿಸಿಟ್ಟುಕೊಳ್ಳಲಿ. ಹೊರಡುವ ಹಿಂದಿನ ಸಂಜೆ ನನಗೆ ಫೋನ್ ಮಾಡಲಿ, ಹವಾಮಾನ ನೋಡಿ ಹೇಳ್ತೇನೆ.

ಅಡೂರು: ಊಟದ್ದು ಯಾರೂ ಹೇಳಲಿಲ್ಲ.

ಪೆರ್ಲ: ಮಂಜೇಶ್ವರದವರೇ, ದಾಖಲೆ ಇದ್ದರೆ ಹಾಕಿ. ಇಲ್ಲದಿದ್ದರೆ ಮಾತು ವಾಪಸ್ ತಕ್ಕೊಳ್ಳಿ.