ಬೆಲ್ಟ್ ಮೇಲಿನ ಬಿಳಿ ಗೆರೆ ಕೂರುತ್ತಿಲ್ಲ, ಟೈಮಿಂಗ್ ತಪ್ಪಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮಪ್ಪನ ಹಳೇ ಮಾರುತಿ 800, 1985ರ ಎಸ್‌ಎಸ್80 ಮಾಡೆಲ್. ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿದೆವು. ಗಾಡಿ ಸ್ಟಾರ್ಟ್ ಆಗುತ್ತದೆ, ಪಿಕಪ್ ಮಾತ್ರ ಇಲ್ಲ. ಏರು ಬಂದರೆ ಎರಡನೇ ಗೇರ್‌ನಲ್ಲೂ ಏದುಸಿರು. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಭಾಗ) ಸ್ವಲ್ಪ ತಿರುಗಿಸಿದ ಮೇಲೆ ಐಡ್ಲಿಂಗ್ ಒಂದು ಮಟ್ಟಕ್ಕೆ ಬಂತು. ಕವರ್ ಬಿಚ್ಚಿ ನೋಡಿದರೆ, ಹಾಕುವಾಗ ಬೆಲ್ಟ್ ಮೇಲೆ ಎಳೆದಿದ್ದ ಬಿಳಿ ಗೆರೆ ಈಗ ಪುಲ್ಲಿ ಮಾರ್ಕಿಗೆ ಕೂರುತ್ತಿಲ್ಲ. ಬೆಲ್ಟ್ ಜಾರಿದೆಯಾ?

ಉತ್ತರ: ಬಿಳಿ ಗೆರೆಯನ್ನು ಮರೆತುಬಿಡಿ. ಕ್ರ್ಯಾಂಕ್ (ಪಿಸ್ಟನ್‌ಗಳಿಂದ ತಿರುಗುವ ಶಾಫ್ಟ್) ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಒಂದು ಸುತ್ತು, ಎರಡನ್ನೂ ಜೋಡಿಸುವುದು ಈ ಬೆಲ್ಟ್. ಅಷ್ಟರಲ್ಲಿ ಬೆಲ್ಟ್ ಪೂರ್ತಿ ಸುತ್ತು ಬಂದಿರುವುದಿಲ್ಲ, ಅದರಲ್ಲಿ ಹಲ್ಲು ಜಾಸ್ತಿ. ಹಾಗಾಗಿ ಗೆರೆ ಬೇರೆಲ್ಲೋ ಹೋಗಿರುತ್ತದೆ. ಅದು ಹಾಕುವ ಹೊತ್ತಿಗೆ ಮಾತ್ರ ಉಪಯೋಗ. ನಂಬಬೇಕಾದ್ದು ಎರಡೇ ಜಾಗ: ಕ್ರ್ಯಾಂಕ್ ಪುಲ್ಲಿಯ ಪಂಚ್ ಗುರುತು ಆಯಿಲ್ ಪಂಪ್ ಬಾಡಿಯ ಬಾಣಕ್ಕೆ, ಕ್ಯಾಮ್ ಪುಲ್ಲಿಯ ಗುರುತು ಹಿಂದಿನ ಕವರ್‌ನ 'ವಿ' ಗೆ.

ನನಗೆ ಅನುಮಾನ ಇರುವುದು ನಿಮ್ಮ ಡಿಸ್ಟ್ರಿಬ್ಯೂಟರ್ ಮಾತಿನ ಮೇಲೆ. ಈ ಎಂಜಿನ್‌ನಲ್ಲಿ ಅದು ಕ್ಯಾಮ್‌ನಿಂದಲೇ ತಿರುಗುತ್ತದೆ. ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೆ ವಾಲ್ವ್ ಜೊತೆಗೆ ಸ್ಪಾರ್ಕೂ ತಪ್ಪುತ್ತದೆ. ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಸ್ಪಾರ್ಕ್ ಸರಿಹೋಗುತ್ತದೆ, ಐಡ್ಲಿಂಗ್ ಸುಧಾರಿಸುತ್ತದೆ. ವಾಲ್ವ್ ತಪ್ಪಿದ್ದು ಹಾಗೇ ಉಳಿಯುತ್ತದೆ. ಪಿಕಪ್ ಹೋಗಿರುವುದು ಬಹುಶಃ ಅಲ್ಲೇ. ಒಂದು ಹಲ್ಲು ಅಂದರೆ ಕಡಿಮೆ ಅಲ್ಲ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲಿದ್ದರೆ ಒಂದಕ್ಕೆ 18 ಡಿಗ್ರಿ.

ಮೂರೂ ಪ್ಲಗ್ ಬಿಚ್ಚಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಸೆಲ್ಫ್ ಹೊಡೆಯಬೇಡಿ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೆ ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಎರಡು ಗುರುತೂ ಒಟ್ಟಿಗೆ ಕೂರಬೇಕು. ಮೇಲಿನಿಂದ ಓರೆಯಾಗಿ ನೋಡಿದರೆ ಅರ್ಧ ಹಲ್ಲು ಆಚೀಚೆ ಕಾಣುತ್ತದೆ. ಮೊಬೈಲನ್ನು ಪುಲ್ಲಿಗೆ ನೇರ ಹಿಡಿದು ಫೋಟೊ ತೆಗೆಯಿರಿ.

ಪ್ರಶ್ನೆ: ಮಾಡಿದೆ ಸರ್. ಕ್ರ್ಯಾಂಕ್ ಗುರುತು ಬಾಣಕ್ಕೆ ಬಂದಾಗ ಕ್ಯಾಮ್ ಗುರುತು ಪೂರ್ತಿ ಕೆಳಗಿತ್ತು. ಇನ್ನೊಂದು ಸುತ್ತು ತಿರುಗಿಸಿದಾಗ ಮೇಲೆ ಬಂತು, ಆದರೆ 'ವಿ' ಯಿಂದ ಸರಿಯಾಗಿ ಒಂದು ಹಲ್ಲು ಆಚೆ.

ಉತ್ತರ: ಮೊದಲ ಸುತ್ತಿನಲ್ಲಿ ಕೆಳಗಿದ್ದದ್ದು ಸರಿಯೇ. ಎರಡನೆಯದೇ ನಿಮ್ಮ ಕಾಯಿಲೆ. ಬೆಲ್ಟ್ ಇಳಿಸುವ ಮೊದಲು ವಾಲ್ವ್ ಕವರ್ ತೆಗೆದು ಟ್ಯಾಪೆಟ್ ಸ್ಕ್ರೂಗಳನ್ನೆಲ್ಲ (ವಾಲ್ವ್ ಗ್ಯಾಪ್ ಹೊಂದಿಸುವ ಸ್ಕ್ರೂಗಳು) ಸಡಿಲ ಮಾಡಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ವಾಲ್ವ್ ಸ್ಪ್ರಿಂಗ್ ಒತ್ತುತ್ತಿದ್ದರೆ ಕ್ಯಾಮ್ ತಾನಾಗೇ ಜಿಗಿಯುತ್ತದೆ, ಬೆಲ್ಟ್ ಬಿಗಿಯೂ ಸರಿಯಾಗಿ ಬರಲ್ಲ. ಕ್ರ್ಯಾಂಕ್ ಪುಲ್ಲಿಯ ಕೀ (ಪುಲ್ಲಿ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಸವೆದಿದೆಯಾ ನೋಡಿ. ಸವೆದಿದ್ದರೆ ಗುರುತೇ ಸುಳ್ಳು ಹೇಳುತ್ತದೆ. ಸೀಲ್ ಹತ್ತಿರ ಆಯಿಲ್ ಜಿನುಗಿದ್ದರೆ ಈಗಲೇ ಸೀಲ್ ಬದಲಿಸಿ, ಆಯಿಲ್ ತಾಗಿದ ಬೆಲ್ಟ್ ಬಾಳಿಕೆ ಬರಲ್ಲ.

ಬೆಲ್ಟ್ ಏರಿಸುವಾಗ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ರಾಟೆ) ಇಲ್ಲದ ಕಡೆ ಸ್ವಲ್ಪವೂ ಸಡಿಲ ಇರಬಾರದು. ನಿಮಗೆ ಹಲ್ಲು ತಪ್ಪಿದ್ದು ಇಲ್ಲೇ ಇರಬಹುದು. ಟೆನ್ಷನರನ್ನು ರಾಡ್ ಹಾಕಿ ಮೀಟಬೇಡಿ, ಸ್ಪ್ರಿಂಗೇ ಎಳೆದುಕೊಳ್ಳಲಿ. ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಗುರುತು ನೋಡಿ, ಆಮೇಲೆ ಬಿಗಿ ಮಾಡಿ.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನಮ್ಮ ಪದ್ಮಿನಿ ಕಾರಿಗೂ ಹೀಗೇ ಚೆಕ್ ಮಾಡಬೇಕಾ?

ಉತ್ತರ: ಪದ್ಮಿನಿಯ ಹಳೇ ಪೆಟ್ರೋಲ್ ಎಂಜಿನ್‌ಗೆ ಬೆಲ್ಟ್ ಇಲ್ಲ, ಒಳಗೆ ಚೈನ್ ಇದೆ. ಮುಂಭಾಗದಲ್ಲಿ ಚೈನ್ ಬಡಿಯುವ ಸದ್ದು ಬಂದರೆ ಕವರ್ ಬಿಚ್ಚಿಸಿ ನೋಡಿ.

ಮಾರುತಿಯವರೇ, ಬೆಲ್ಟ್ ಕೂತ ಮೇಲೆ ಟ್ಯಾಪೆಟ್ ಗ್ಯಾಪ್ ಮತ್ತೆ ಸೆಟ್ ಮಾಡಿ. ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದೀರಲ್ವಾ, ಟೈಮಿಂಗ್ ಲೈಟ್ (ಸ್ಪಾರ್ಕ್ ಬೀಳುವ ಹೊತ್ತು ತೋರಿಸುವ ದೀಪ) ಹಿಡಿದು ಅದನ್ನೂ ಹೊಸದಾಗಿ ಸೆಟ್ ಮಾಡಿಸಿ.