ಸಹಾಯ ಬೇಕು: ಕಿಟಕಿ ಬದಲಾಯಿಸಿದ ಮೇಲೆ ಬೇ ವಿಂಡೋ ತಗ್ಗುತ್ತಾ ಇದೆ

ಎಲ್ರಿಗೂ ನಮಸ್ಕಾರ, ತುಂಬಾ ಗಾಬರಿ ಆಗಿದೆ. ಬೇ ವಿಂಡೋದಲ್ಲಿದ್ದ (ಗೋಡೆಯಿಂದ ಹೊರಗೆ ಚಾಚಿರೋ ಕಿಟಕಿ ಭಾಗ) ಹಳೇ ಮರದ ಕಿಟಕಿ ತೆಗ್ಸಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕ್ಸಿ 3 ತಿಂಗಳಾಯ್ತು, ಈಗ ಮೇಲಿನ ರೂಮಿನ ಮೂಲೇಲಿ ಓರೆಯಾಗಿ ಬಿರುಕು ಬಿಟ್ಟಿದೆ, ನಡುವಿನ ಕಿಟಕಿ ತೆಗೆಯೋಕೇ ಆಗ್ತಿಲ್ಲ, ಲೆವೆಲ್ (ಮಟ್ಟ ನೋಡೋ ಸಾಧನ) ಇಟ್ಟು ನೋಡಿದ್ರೆ ಫ್ರೇಮ್ ಮಧ್ಯದಲ್ಲಿ ತಗ್ಗಿದೆ. ಹಳೇ ಮರದ ಮೂಲೆ ಕಂಬಗಳೇ ಮೇಲಿನ ಭಾರ ಹೊರ್ತಿದ್ವು ಅನ್ಸುತ್ತೆ, ಬರೀ ಪ್ಲಾಸ್ಟಿಕ್ ಫ್ರೇಮ್ ಅದನ್ನ ತಡ್ಯಲ್ಲ, ಮೂಲೆಗಳಿಗೆ ಲೋಡ್ ಹೊರೋ ಪೋಲ್ ಕೊಡ್ಬೇಕಿತ್ತು. ಹಾಕಿದವ್ರು ಪ್ಲಾಸ್ಟರ್ ಒಣಗಿದ ಬಿರುಕು ಅಂತಾರೆ, ಆದ್ರೆ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳ್ದು ತಾರೀಖು ಬರ್ದಿದ್ದೆ, ಈಗ ಅದನ್ನೂ ದಾಟಿದೆ. ಸ್ಟ್ರಕ್ಚರಲ್ ಇಂಜಿನಿಯರ್ ಬರೋವರ್ಗೂ ಕಬ್ಬಿಣದ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಕೊಟ್ಟು ನಿಲ್ಸೋದು ಸರಿನಾ? ಕಿಟಕಿ ಪೂರ್ತಿ ಬಿಚ್ಚದೆ ಪೋಲ್ ಸೇರ್ಸೋಕೆ ಆಗುತ್ತಾ? ಅನುಭವ ಇರೋರು ದಯವಿಟ್ಟು ಹೇಳಿ, ಮೇಲಿನ ರೂಮಲ್ಲಿ ಮಲಗ್ತಿದ್ದ ಮಕ್ಕಳನ್ನ ಸದ್ಯಕ್ಕೆ ಬೇರೆ ಕಡೆ ಮಲಗಿಸ್ತಿದ್ದೀನಿ.