‘ಸ್ಯಾಪರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಕೋಲಾರದಿಂದ ಬರೆಯುತ್ತಿದ್ದೇನೆ. ನಮ್ಮೂರ ಶಾಲೆಯ ಗೋಡೆಪತ್ರಿಕೆಗೆ ಪರಮವೀರ ಚಕ್ರ ಪಡೆದ ಯೋಧ ರಾಮ ರಾಘೋಬ ರಾಣೆಯವರ ಬಗ್ಗೆ ಮಕ್ಕಳಿಂದ ಒಂದು ಪುಟ ಬರೆಸುತ್ತಿದ್ದೇನೆ. ಎರಡು ಪದಗಳು ತಡೆದು ನಿಲ್ಲಿಸಿವೆ.

ಒಂದು ‘ಮೈನ್’. ಒಬ್ಬ ಹುಡುಗ ‘ರಾಣೆ ಗಣಿಗಳನ್ನು ತೆಗೆದರು’ ಅಂತ ಬರೆದಿದ್ದ. ಅವನ ತಪ್ಪಲ್ಲ. ನಮ್ಮ ಕಡೆ ಮೈನ್ ಅಂದ್ರೆ ಕೆಜಿಎಫ್‌ನ ಚಿನ್ನದ ಗಣಿಯೇ. ಹಿಂದೆ ಕೋಟೆಗೆ ಮುತ್ತಿಗೆ ಹಾಕಿದವರು ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸುತ್ತಿದ್ದರು. ಆ ಸುರಂಗದ ಹೆಸರೇ ನೆಲದಲ್ಲಿ ಹೂತಿಡುವ ಬಾಂಬಿಗೂ ಬಂತು. ಕನ್ನಡದಲ್ಲಿ ‘ನೆಲಬಾಂಬ್’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತೆ.

ಕಷ್ಟ ಇರುವುದು ‘ಸ್ಯಾಪರ್’ನಲ್ಲಿ, ಅಂದರೆ ನೆಲಬಾಂಬ್ ತೆಗೆದು ಸೇನೆಗೆ ದಾರಿ ಮಾಡಿಕೊಡುವ ಸೈನಿಕ. ‘ಸೇನಾ ಎಂಜಿನಿಯರ್’ ಅಂದರೆ ನಕ್ಷೆ ಹಿಡಿದು ನಿಂತವರು ಕಣ್ಣಿಗೆ ಬರುತ್ತಾರೆ. ಕಾರವಾರದ ಹತ್ತಿರದ ಚೆಂಡಿಯಾದ ಈ ರಾಣೆ ಮಾಡಿದ್ದೇನು ನೋಡಿ. 1948ರ ಏಪ್ರಿಲ್ 8. ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿ ತುಂಬ ನೆಲಬಾಂಬ್. ತೆಗೆಯಲು ಶುರು ಮಾಡುತ್ತಿದ್ದಂತೆ ಮಾರ್ಟರ್ ಗುಂಡು ಬಿದ್ದು ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯೂ ಒಬ್ಬರು. ಆದರೂ ಕೆಲಸ ಬಿಡಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಡ್ರೈವರ್‌ಗೆ ಸನ್ನೆ ಕೊಡುತ್ತಾ ಮುಂದೆ ಹೋದರು. ದಿನಗಟ್ಟಲೆ ಹೀಗೇ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರವನ್ನು ಬದುಕಿದ್ದು ಪಡೆದವರಲ್ಲಿ ಅವರೇ ಮೊದಲಿಗರು. ಇದೆಲ್ಲ ‘ಎಂಜಿನಿಯರ್’ ಅನ್ನೋ ಪದದೊಳಗೆ ಹಿಡಿಸುತ್ತಾ?

‘ಸ್ಯಾಪರ್’ನ ಬೇರು ಹುಡುಕಿದರೆ ಇಟಲಿಯ ‘ಜಪ್ಪಾ’ ಸಿಗುತ್ತೆ. ಅಂದರೆ ಗುದ್ದಲಿ! ನಮ್ಮ ‘ಬೇಲ್ದಾರ’ನೂ ಹಾಗೇ, ಪಾರ್ಸಿಯಲ್ಲಿ ‘ಬೇಲ್’ ಅಂದರೆ ಸಲಿಕೆ. ಅರ್ಥ ಹತ್ತಿರವೇ ಇದೆ. ಆದರೆ ಇವತ್ತು ಆ ಪದ ಕೇಳಿದವರಿಗೆ ಯುದ್ಧ ನೆನಪಾಗಲ್ಲ, ಮಣ್ಣಿನ ಕೆಲಸ ನೆನಪಾಗುತ್ತೆ.

ನಮ್ಮ ಬೀದಿಯಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದ ಒಬ್ಬ ತಾತ ಇದ್ದಾರೆ. ಆ ಪಡೆಯವರನ್ನು ‘ತಂಬಿ’ ಅಂತ ಕರೀತಾರಲ್ವಾ, ಅವರು ಈಗಲೂ ಹೆಮ್ಮೆಯಿಂದ ಹಾಗೇ ಹೇಳಿಕೊಳ್ಳುತ್ತಾರೆ. ನಿಮ್ಮ ಕೆಲಸ ಏನು ತಾತ ಅಂತ ಕೇಳಿದ್ದಕ್ಕೆ, ‘ನಾವು ಮೊದಲು ಹೋಗಿ ದಾರಿ ಬಿಡಿಸೋರು ಕಣಪ್ಪ, ಫೌಜು ಆಮೇಲೆ ಬರೋದು’ ಅಂದರು.

‘ದಾರಿ ಬಿಡಿಸೋರು.’ ನನಗೆ ಇದೇ ಜಾಸ್ತಿ ಹಿಡಿಸಿದೆ. ಇದರಿಂದ ‘ದಾರಿಬಿಡಿಸುಗ’ ಅಂತ ಮಾಡಿದರೆ ಬಾಯಲ್ಲಿ ಸಲೀಸಾಗಿ ತಿರುಗುತ್ತಾ? ಇಲ್ಲಾ ಸುಮ್ನೆ ‘ಸ್ಯಾಪರ್’ ಅಂತಲೇ ಉಳಿಸಿ, ಮೊದಲ ಸಾಲಲ್ಲಿ ಅರ್ಥ ಬಿಡಿಸಿ ಹೇಳೋದೇ ಸರಿಯಾ? ಸೇನೆಯಲ್ಲಿದ್ದವರು ಮನೆಯಲ್ಲಿ ಬೇರೆ ಯಾವ ಪದ ಬಳಸುತ್ತಿದ್ದರು, ದಯವಿಟ್ಟು ತಿಳಿಸಿ. ಮಕ್ಕಳು ಸೋಮವಾರ ಪುಟ ಅಂಟಿಸುತ್ತಾರೆ.